ಪ್ರಾಂಪ್ಟ್ ಎಂಬ ಸಮಸ್ಯೆ

ಮೇ ತಿಂಗಳ ಮೊದಲ ವಾರ ನನ್ನ ಇಮೇಲಿಗೆ ಮುನ್ನೂರಕ್ಕೂ ಹೆಚ್ಚು ಕವಿತೆಗಳು ಒಟ್ಟಿಗೇ ಬಂದು ಬಿದ್ದವು. ಏಪ್ರಿಲ್ ಇಡೀ ತಿಂಗಳು ಹದಿನಾಲ್ಕು ಜನ ದಿನಕ್ಕೊಂದರಂತೆ ಬರೆದ ಕವಿತೆಗಳು ಅವು. ಕೆಲವರು ನಡುನಡುವೆ ತಪ್ಪಿಸಿಕೊಂಡಿದ್ದರು, ಇಬ್ಬರು ಹತ್ತನೇ ದಿನಕ್ಕೆ ಕೈಬಿಟ್ಟಿದ್ದರು. ವಾಟ್ಸಾಪ್ ಗುಂಪು ನಡೆಸುತ್ತಿದ್ದ ಗೆಳೆಯ ಪ್ರತಿದಿನ ಬೆಳಿಗ್ಗೆ ಆರಕ್ಕೆ ಒಂದು ಪ್ರಾಂಪ್ಟ್ ಹಾಕುತ್ತಿದ್ದ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತಿರುಗಿಸಿಯೋ, ನಮಗೆ ಹೊಂದುವಂತೆ ಬದಲಿಸಿಯೋ. ರಾತ್ರಿ ಹನ್ನೆರಡರೊಳಗೆ ಕವಿತೆ ಹಾಕಬೇಕು. ಇವುಗಳಲ್ಲಿ ಇಪ್ಪತ್ತನ್ನು ಆರಿಸಿಕೊಡು, ಒಂದು ಪುಟ್ಟ ಪುಸ್ತಕ ಮಾಡೋಣ ಎಂದು ಅವನು ನನ್ನನ್ನು ಕೇಳಿದ. ನಾನೂ ಆ ಹದಿನಾಲ್ಕರಲ್ಲಿ ಒಬ್ಬಳಾಗಿದ್ದರಿಂದ ನನ್ನ ಕವಿತೆಗಳನ್ನು ಪಕ್ಕಕ್ಕಿಟ್ಟು ಒಪ್ಪಿಕೊಂಡೆ. ಪಕ್ಕಕ್ಕಿಡುವುದರಲ್ಲಿ ದೊಡ್ಡ ತ್ಯಾಗವೇನೂ ಇರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಓದಲು ಒಂದು ಉಪಾಯ ಮಾಡಿಕೊಂಡೆ. ಎಲ್ಲವನ್ನೂ ಪ್ರಿಂಟ್ ತೆಗೆಸಿ, ಪ್ರತಿ ಹಾಳೆಯ ಮೇಲ್ತುದಿಯಲ್ಲಿದ್ದ ಪ್ರಾಂಪ್ಟನ್ನು ಮಡಿಸಿ ಮರೆಮಾಡಿದೆ. ಪ್ರಾಂಪ್ಟ್ ಇಲ್ಲದೆಯೂ ಕವಿತೆ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂದು ನೋಡುವುದು ಉದ್ದೇಶ. ಮೊದಲ ಸಂಜೆಯೇ ಗೊತ್ತಾದದ್ದು ಏನೆಂದರೆ, ಮಡಿಸಿದ್ದು ವ್ಯರ್ಥ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಪ್ರಾಂಪ್ಟ್ ಏನಿತ್ತೆಂದು ಹೇಳಿಬಿಡಬಹುದಿತ್ತು. ಶಾಲೆಯಲ್ಲಿ ಪ್ರಶ್ನೆಯನ್ನೇ ತಿರುಗಿಸಿ ಉತ್ತರದ ಮೊದಲ ವಾಕ್ಯ ಮಾಡುವುದನ್ನು ಕಲಿಸುತ್ತಾರಲ್ಲ, ಆ ಅಭ್ಯಾಸ ಕವಿತೆಗೂ ಬಂದಿತ್ತು. ನಾಲ್ಕನೇ ದಿನದ ಪ್ರಾಂಪ್ಟ್ ‘ಕಿಟಕಿ’. ಅವತ್ತು ಬಂದ ಹನ್ನೊಂದು ಕವಿತೆಗಳಲ್ಲಿ ಏಳರಲ್ಲಿ ಕಿಟಕಿ ಕೊನೆಗೆ ಮನಸ್ಸಾಗಿ ಬದಲಾಗಿತ್ತು. ನನ್ನದೂ ಆ ಏಳರಲ್ಲಿ ಒಂದು. ಅದರ ಕೊನೆಯ ಎರಡು ಸಾಲು ಇವು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ:

ನಾನು ತೆರೆದ ಕಿಟಕಿ
ಹೊರಗಲ್ಲ, ಒಳಗಿತ್ತು.

ಬರೆದ ರಾತ್ರಿ ಇದಕ್ಕೆ ಆರು ಹೃದಯ, ಎರಡು ಚಪ್ಪಾಳೆ ಬಿದ್ದಿದ್ದವು.

ಈ ತಿಂಗಳ ಆಟ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಅಕಾಡೆಮಿ ಆಫ್ ಅಮೆರಿಕನ್ ಪೊಯೆಟ್ಸ್ 1996ರಲ್ಲಿ ಏಪ್ರಿಲನ್ನು ರಾಷ್ಟ್ರೀಯ ಕಾವ್ಯ ಮಾಸ ಎಂದು ಆಚರಿಸಲು ತೊಡಗಿತು. ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸುವ ‘ನ್ಯಾನೋರೈಮೋ’ 1999ರಿಂದ ನಡೆದಿತ್ತು. ಅದನ್ನು ನೋಡಿ ಮೌರೀನ್ ಥಾರ್ಸನ್ ಎಂಬ ಕವಯಿತ್ರಿ 2003ರ ಏಪ್ರಿಲಿನಲ್ಲಿ ತಾನು ದಿನಕ್ಕೊಂದು ಕವಿತೆ ಬರೆಯುತ್ತೇನೆಂದು ಹೊರಟಳು. ಅದು ‘ನ್ಯಾಪೋರೈಮೋ’ ಆಯಿತು, ಜೊತೆಗೆ ಜನ ಸೇರಿದರು, ದಿನಕ್ಕೊಂದು ಪ್ರಾಂಪ್ಟ್ ಬಂತು. ಈಗ ಜಗತ್ತಿನ ಎಷ್ಟೋ ಭಾಷೆಗಳವರು ಏಪ್ರಿಲ್ ಬಂದರೆ ಬರೆಯಲು ಕೂರುತ್ತಾರೆ. ಕನ್ನಡದ ಕವಿಗೆ ಏಪ್ರಿಲ್ ಆಸುಪಾಸು ಕವಿತೆ ಬರೆಯುವುದು ಹೊಸತೇನಲ್ಲ. ಯುಗಾದಿ ಕವಿಗೋಷ್ಠಿಯ ಬೇವುಬೆಲ್ಲದ ಪದ್ಯಗಳ ಸಾಲೇ ನಮ್ಮಲ್ಲಿದೆ. ಅದೂ ಒಂದು ಪ್ರಾಂಪ್ಟೇ, ವರ್ಷವರ್ಷವೂ ಅದೇ ಪ್ರಾಂಪ್ಟ್. ಆ ಗೋಷ್ಠಿಗಳ ಬಹುಪಾಲು ಪದ್ಯಗಳ ಗತಿ ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ಹಳೆಯ ಕವಿಗಳಿಗೂ ಯಾರೋ ಏನೋ ಕೊಟ್ಟು ಬರೆಸುತ್ತಿದ್ದರು, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಆ ಹಾಳೆಗಳ ನಡುವೆ ನನ್ನನ್ನು ಹಿಡಿಯಿತು. ಅಷ್ಟಾವಧಾನದ ಸಭೆ ನೋಡಿದವರಿಗೆ ಗೊತ್ತು. ಎಂಟು ಜನ ಪೃಚ್ಛಕರು ಸುತ್ತ ಕೂತಿರುತ್ತಾರೆ. ದತ್ತಪದಿಯವರು ನಾಲ್ಕು ಪದ ಕೊಡುತ್ತಾರೆ, ಎಷ್ಟೋ ಸಲ ಒಂದಕ್ಕೊಂದು ಸಂಬಂಧವಿಲ್ಲದ ಇಂಗ್ಲಿಷ್ ಪದಗಳನ್ನೇ. ಪದ್ಯದ ನಾಲ್ಕು ಪಾದಗಳಲ್ಲಿ ಅವು ಕನ್ನಡವಾಗಿ ಅಡಗಿ ಕೂರಬೇಕು. ನಿಷೇಧಾಕ್ಷರಿಯವರು ಕವಿ ಒಂದಕ್ಷರ ಹೇಳಿದ ಕೂಡಲೇ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಬೇಡವೆನ್ನುತ್ತಾರೆ. ಅಪ್ರಸ್ತುತ ಪ್ರಸಂಗದವರು ನಡುನಡುವೆ ಕೆಲಸಕ್ಕೆ ಬಾರದ ಪ್ರಶ್ನೆ ಕೇಳಿ ಏಕಾಗ್ರತೆ ಕೆಡಿಸುತ್ತಾರೆ (ನಮಗೆ ಆ ಕೆಲಸವನ್ನು ಫೋನೇ ಮಾಡುತ್ತದೆ, ಆದರೆ ಅದಕ್ಕೆ ತಿರುಗಿಸಿ ಕೊಡಲು ನಮ್ಮಲ್ಲಿ ಚಾಟೂಕ್ತಿ ಇಲ್ಲ). ಸಮಸ್ಯಾಪೂರಣದವರು ಪದ್ಯದ ಕೊನೆಯ ಪಾದವನ್ನು ಮಾತ್ರ ಕೊಡುತ್ತಾರೆ. ಅದು ಮೇಲುನೋಟಕ್ಕೆ ಅಸಂಬದ್ಧ, ಅಸಾಧ್ಯ, ಕೆಲವೊಮ್ಮೆ ಅಶ್ಲೀಲ. ಮೇಲಿನ ಮೂರು ಪಾದಗಳನ್ನು ಕವಿ ಹೊಂದಿಸಿ, ಆ ಅಸಂಬದ್ಧ ಮಾತು ಸಹಜವೆನಿಸುವಂತೆ ಮಾಡಬೇಕು.

ಭೋಜರಾಜ ಕಾಳಿದಾಸನಿಗೆ ಕೊಟ್ಟ ಸಮಸ್ಯೆಯ ಕತೆ ನಾವೆಲ್ಲ ಕೇಳಿದ್ದೇ. ಅವರಿಬ್ಬರೂ ಒಂದೇ ಕಾಲದವರಲ್ಲ ಎಂಬುದು ಕತೆಗೆ ಅಡ್ಡಿಯಾಗಿಲ್ಲ. ರಾಜ ಕೊಟ್ಟ ಸಾಲಿನಲ್ಲಿ ಅರ್ಥವೇ ಇರಲಿಲ್ಲ, ಬರೀ ಠಕಾರದ ಸದ್ದು. ಕಾಳಿದಾಸ ಒಬ್ಬ ಹುಡುಗಿಯ ಕೈಗೆ ಚಿನ್ನದ ಕೊಡ ಕೊಟ್ಟು, ಅದು ಜಾರಿ ಮೆಟ್ಟಿಲುಗಳ ಮೇಲೆ ಉರುಳುವಂತೆ ಮಾಡಿದ. ಸದ್ದಿಗೆ ಅರ್ಥ ಬಂತು. ಇಲ್ಲಿ ಗಮನಿಸಬೇಕಾದ್ದು ಒಂದೇ: ಕವಿಗೆ ಸಿಕ್ಕಿದ್ದು ಹೊರಡುವ ಜಾಗವಲ್ಲ, ಸೇರಬೇಕಾದ ಜಾಗ. ಮೊದಲ ಪದದಿಂದಲೇ ಅವನು ಆ ಠಕಾರದ ಕಡೆಗೆ ನಡೆಯುತ್ತಿದ್ದಾನೆ. ಕೇಳುವವರಿಗೂ ಕೊನೆ ಗೊತ್ತು. ದಾರಿ ಯಾವುದು ಎಂಬುದೇ ಅವರ ಕುತೂಹಲ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಗಂಟಿದೆ. ನಮ್ಮ ಹಳೆಯ ಪದ್ಯದಲ್ಲಿ ಪ್ರಾಸ ಪಾದದ ಕೊನೆಯಲ್ಲಿಲ್ಲ, ಮೊದಲಲ್ಲಿದೆ. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಕೊನೆಯ ಪಾದವನ್ನು ಸಮಸ್ಯೆಯಾಗಿ ಕೊಟ್ಟರೆ ಅದರ ಎರಡನೆಯ ಅಕ್ಷರ ಮೇಲಿನ ಮೂರೂ ಪಾದಗಳ ಬಾಗಿಲಲ್ಲಿ ಹೋಗಿ ನಿಂತುಬಿಡುತ್ತದೆ. ಅಂತ್ಯ ತಾನು ಬರುವ ಮೊದಲೇ ಪ್ರತಿ ಸಾಲಿನ ಆರಂಭವನ್ನೂ ಆಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋವಿಂದ ಪೈಗಳು ಈ ಪ್ರಾಸವನ್ನು ಬಿಟ್ಟರು, ಬಿಟ್ಟದ್ದು ಸರಿಯೇ ಆಯಿತು. ಪ್ರಾಸ ಹೋದ ಮೇಲೆ ಕನ್ನಡ ಕವಿತೆ ತನ್ನ ಬಿಗಿಯನ್ನು ಎಲ್ಲಿ ಹುಡುಕಿಕೊಂಡಿತು ಎಂಬುದೇ ನನ್ನ ಪಿಎಚ್.ಡಿ. ವಿಷಯವಾದ್ದರಿಂದ ಅದರ ಬಗ್ಗೆ ಇಲ್ಲಿ ಬರೆಯತೊಡಗಿದರೆ ನಿಲ್ಲುವುದಿಲ್ಲ. ಹೇಳಬೇಕಾದ್ದು ಇಷ್ಟು. ಆ ಪೃಚ್ಛಕ ಕವಿಗೆ ಕೊಡುತ್ತಿದ್ದುದು ವಸ್ತುವನ್ನಲ್ಲ, ತೊಡಕನ್ನು. ಉರ್ದುವಿನ ತರಹೀ ಮುಷಾಯಿರಾದಲ್ಲೂ ಹಾಗೆಯೇ: ಒಂದು ಮಿಸ್ರಾ ಕೊಡುತ್ತಾರೆ, ಅದರ ಕಾಫಿಯಾ ರದೀಫುಗಳು ಎಲ್ಲರ ಶೇರುಗಳ ಕೊನೆಯನ್ನೂ ಕಟ್ಟಿಹಾಕುತ್ತವೆ.

ಏಪ್ರಿಲಿನ ಪ್ರಾಂಪ್ಟುಗಳು ಬಹುಪಾಲು ನಾಮಪದಗಳು. ಕಿಟಕಿ, ಮಳೆ, ಅಜ್ಜಿಯ ಪೆಟ್ಟಿಗೆ, ಮೊದಲ ಚಪ್ಪಲಿ. ನಾಮಪದ ಕೊಟ್ಟರೆ ಕವಿ ಅದರಿಂದ ಹೊರಡುತ್ತಾನೆ, ಎಲ್ಲಿಗೆ ಎಂಬುದು ಗೊತ್ತಿರುವುದಿಲ್ಲ. ಹತ್ತು ಹನ್ನೆರಡು ಸಾಲು ನಡೆದ ಮೇಲೆ ಸುಸ್ತಾಗುತ್ತದೆ, ಎಲ್ಲಾದರೂ ಕೂರಬೇಕು. ಆಗ ಕೈಗೆ ಸಿಗುವುದು ಒಂದು ನೀತಿ, ಒಂದು ತತ್ವ, ಹೊರಗಲ್ಲ ಒಳಗಿತ್ತು ಎಂಬಂಥ ಒಂದು ತಿರುವು. ನಾನು ಬದಿಗಿಟ್ಟ ಕವಿತೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟದ್ದು ಕೊನೆಯ ಎರಡು ಸಾಲಿನಲ್ಲಿ. ಅವನ್ನು ಹೊಡೆದುಹಾಕಿದರೆ ಸಾಕು ಎಂದು ಮೊದಲು ಅನ್ನಿಸಿತು, ಕೆಲವಕ್ಕೆ ಹೊಡೆದೂ ನೋಡಿದೆ. ಆಗ ಅದರ ಮೇಲಿನ ಎರಡು ಸಾಲು ಹಾಗೆಯೇ ಕಾಣತೊಡಗಿದವು. ರೋಗ ತುದಿಯಲ್ಲಿ ಕಾಣಿಸಿಕೊಂಡರೂ ಬೇರು ಹೊರಟ ರೀತಿಯಲ್ಲಿತ್ತು.

ಇದು ನನ್ನ ಪೂರ್ವಗ್ರಹ ಇರಬಹುದು ಎಂದುಕೊಂಡಿದ್ದೆ, ಇಪ್ಪತ್ಮೂರನೇ ದಿನದ ಕಟ್ಟು ಬಿಚ್ಚುವವರೆಗೆ. ಅವತ್ತು ಗೆಳೆಯನಿಗೆ ಇಂಗ್ಲಿಷಿನ ಪ್ರಾಂಪ್ಟ್ ಹಿಡಿಸದೆ, ಬಸ್ಸಿನಲ್ಲಿ ಕೂತು ತಾನೇ ಒಂದು ಬರೆದು ಹಾಕಿದ್ದ: ಕವಿತೆ ‘ಹೋಗಿ ಬರ್ತೀನಿ’ ಎಂಬ ಮಾತಿನಿಂದ ಮುಗಿಯಬೇಕು. ನಮ್ಮಲ್ಲಿ ‘ಹೋಗ್ತೀನಿ’ ಎಂದರೆ ಅಪಶಕುನ, ಬರುವ ಮಾತು ಸೇರಿಸಲೇಬೇಕು. ಹೀಗಾಗಿ ಆ ಎರಡು ಪದದಲ್ಲೇ ಒಂದು ಸುಳ್ಳು ಅಡಗಿ ಕೂತಿದೆ. ಅವತ್ತು ಬಂದದ್ದು ಒಂಬತ್ತೇ ಕವಿತೆ, ಅದರಲ್ಲಿ ನಾಲ್ಕನ್ನು ಆರಿಸಿಕೊಂಡೆ. ಒಂದರಲ್ಲಿ ಮಗಳನ್ನು ಹಾಸ್ಟೆಲಿಗೆ ಬಿಟ್ಟ ಅಪ್ಪ, ವಾರ್ಡನ್ ಹತ್ತಿರ, ವಾಚ್‌ಮನ್ ಹತ್ತಿರ, ನೀರಿನ ಟ್ಯಾಂಕಿನ ಹತ್ತಿರ ಮಾತಾಡುತ್ತ ಕೊನೆಗೂ ಮಗಳಿಗೆ ಆ ಮಾತು ಹೇಳಲಾಗದೆ ಗೇಟಿಗೆ ಹೇಳಿ ಹೋಗುತ್ತಾನೆ. ಇನ್ನೊಂದರಲ್ಲಿ ಆ ಮಾತು ಹೇಳುವುದು ಬೇಸಿಗೆಯ ಕರೆಂಟು. ಎರಡನೆಯದು ತಮಾಷೆಯ ಪದ್ಯ, ಆದರೆ ಎಲ್ಲೂ ಜಾರುವುದಿಲ್ಲ. ಬರೆದವರು ಹಿಂದಿನ ದಿನಗಳಲ್ಲಿ ‘ಬದುಕೆಂಬ ರೈಲು’ ಜಾತಿಯ ಕವಿತೆ ಬರೆದ ಅದೇ ಜನ. ಒಂದೇ ದಿನದಲ್ಲಿ ಪ್ರತಿಭೆ ಹೆಚ್ಚಿತೆಂದು ನಾನು ನಂಬುವುದಿಲ್ಲ.

ಕನ್ನಡಕ್ಕೆ ತಂದಾಗ ಕೆಲವು ಪ್ರಾಂಪ್ಟುಗಳು ತಾವಾಗಿಯೇ ತೊಡಕಾಗಿ ಮಾರ್ಪಟ್ಟದ್ದೂ ಉಂಟು. ಇಂಗ್ಲಿಷಿನಲ್ಲಿ ಅಕಾರಾದಿ ಕವಿತೆ ಎಂದರೆ ಇಪ್ಪತ್ತಾರು ಸಾಲು, ಪ್ರತಿ ಸಾಲಿಗೂ ಅನುಕ್ರಮವಾಗಿ ಒಂದೊಂದು ಅಕ್ಷರ. ಎಕ್ಸ್ ಬಂದಾಗ ಸ್ವಲ್ಪ ತಿಣುಕಿದರೆ ಆಯಿತು. ನಮಗೆ 49 ಅಕ್ಷರ. ಙ, ಞ, ಣ, ಳಗಳಿಂದ ಪದಗಳೇ ಶುರುವಾಗುವುದಿಲ್ಲ. ಬಹಳ ಜನ ಆ ಸಾಲುಗಳನ್ನು ಹಾರಿಸಿದರು. ಪದವಿ ಓದುವ ಒಬ್ಬ ಹುಡುಗ ಮಾತ್ರ ಆ ಜಾಗಗಳಲ್ಲಿ ಸಾಲನ್ನು ಖಾಲಿ ಬಿಟ್ಟು, ತರಗತಿಯಲ್ಲಿ ಹಾಜರಿ ಕೂಗುವಾಗ ಉತ್ತರ ಬರದ ಹೆಸರುಗಳ ಕವಿತೆ ಮಾಡಿದ. ಖಾಲಿ ಸಾಲುಗಳಿಗೆ ಅಷ್ಟು ಸದ್ದಿರಬಹುದೆಂದು ನಾನು ಎಣಿಸಿರಲಿಲ್ಲ.

‘ಗೋಲ್ಡನ್ ಶವೆಲ್’ ಎಂಬುದು ಇನ್ನೊಂದು. ಟೆರನ್ಸ್ ಹೇಯ್ಸ್ ಎಂಬ ಕವಿ ಗ್ವೆಂಡೊಲಿನ್ ಬ್ರೂಕ್ಸ್ ಅವರ ‘ವಿ ರಿಯಲ್ ಕೂಲ್’ ಕವಿತೆಯ ಒಂದೊಂದು ಪದವನ್ನೂ ತನ್ನ ಒಂದೊಂದು ಸಾಲಿನ ಕೊನೆಗಿಟ್ಟು ಬರೆದ ಕವಿತೆಯಿಂದ ಬಂದ ರೂಪ. ಅದು 2010ರ ಅವರ ಸಂಕಲನದಲ್ಲಿದೆ. ಇಷ್ಟವಾದ ಸಾಲನ್ನು ಎತ್ತಿಕೊಂಡು ಅದರ ಪದಗಳನ್ನು ನಿಮ್ಮ ಸಾಲುಗಳ ತುದಿಗೆ ಕೂರಿಸಬೇಕು. ಇಂಗ್ಲಿಷಿನಲ್ಲಿ ಸಾಲಿನ ಕೊನೆಗೆ ಒಂದು ಪುಟ್ಟ ಸಂಬಂಧಸೂಚಕ ಪದ ಬಂದು ಸಾಲು ಅರ್ಧಕ್ಕೆ ಮುರಿದು ನಿಲ್ಲುತ್ತದೆ, ಅದೇ ಅದರ ಚೆಂದ. ಕನ್ನಡದಲ್ಲಿ ವಿಭಕ್ತಿ ನಾಮಪದಕ್ಕೇ ಅಂಟಿಕೊಂಡಿರುತ್ತದೆ, ಹಾಗೆ ಮುರಿಯುವುದಿಲ್ಲ. ಬದಲಿಗೆ ಬೇರೊಂದು ಆಗುತ್ತದೆ. ಎತ್ತಿಕೊಂಡ ಸಾಲು ಮಾತಿನ ಕ್ರಮದಲ್ಲಿದ್ದರೆ ಅದರ ಕ್ರಿಯಾಪದ ಕೊನೆಯಲ್ಲಿರುತ್ತದೆ. ನಿಮ್ಮ ಕವಿತೆಯಲ್ಲೂ ಕಟ್ಟಕಡೆಯ ಸಾಲಿನವರೆಗೆ ತುದಿಗಳಲ್ಲಿ ‘ಮನೆಯ’, ‘ಹಿತ್ತಿಲಲ್ಲಿ’, ‘ಯಾರೋ’ ಎಂದು ಕಾಯುವ ಪದಗಳೇ. ಕೆಲಸ ಆಗುವುದು ಕೊನೆಗೆ. ಈ ಕಾಯಿಸುವಿಕೆಯನ್ನು ಬಳಸಿಕೊಂಡವರು ಗೆದ್ದರು. ನಡುವೆಯೇ ಬೇರೆ ಕ್ರಿಯಾಪದಗಳನ್ನು ತುರುಕಿ ವಾಕ್ಯ ಮುಗಿಸಿದವರು ರೂಪವನ್ನು ಪಾಲಿಸಿದರು, ಅಷ್ಟೇ.

ನಿರ್ಬಂಧ ಇದ್ದರೆ ಕವಿತೆ ಚೆನ್ನಾಗುತ್ತದೆ ಎಂದು ಹೇಳಿ ಮುಗಿಸುವ ಆಸೆ ನನಗೂ ಇತ್ತು. ದಂಡಿಯ ‘ದಶಕುಮಾರಚರಿತ’ದ ಏಳನೆಯ ಉಚ್ಛ್ವಾಸದಲ್ಲಿ ಪ್ರಿಯೆ ಕಚ್ಚಿದ ತುಟಿ ನೋಯುವ ಮಂತ್ರಗುಪ್ತ ಒಂದೂ ಓಷ್ಠ್ಯಾಕ್ಷರವಿಲ್ಲದೆ ಕತೆ ಹೇಳುತ್ತಾನೆ. ಜಾರ್ಜ್ ಪೆರೆಕ್ 1969ರಲ್ಲಿ ‘ಇ’ ಅಕ್ಷರವಿಲ್ಲದೆ ಫ್ರೆಂಚಿನಲ್ಲಿ ಇಡೀ ಕಾದಂಬರಿ ಬರೆದ. ಇವರಿಬ್ಬರನ್ನು ಜೋಡಿಸಿ ಒಂದು ಚೆಂದದ ಮುಕ್ತಾಯ ಮಾಡಬಹುದಿತ್ತು. ಆದರೆ ವಿಲಿಯಂ ಸ್ಟ್ಯಾಫರ್ಡ್ ನೆನಪಾದ. ಯಾರೂ ಯಾವ ತೊಡಕನ್ನೂ ಕೊಡದೆ, ದಶಕಗಳ ಕಾಲ ಪ್ರತಿದಿನ ಬೆಳಕು ಹರಿಯುವ ಮೊದಲು ಎದ್ದು ಬರೆಯುತ್ತಿದ್ದ ಅಮೆರಿಕದ ಕವಿ. 1993ರ ಆಗಸ್ಟ್ 28ರ ಬೆಳಿಗ್ಗೆಯೂ ಬರೆದ, ಅದೇ ದಿನ ತೀರಿಕೊಂಡ. ದಿನವೂ ಬರೆಯಲು ಹೇಗೆ ಸಾಧ್ಯ ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದ ಉತ್ತರದ ತಾತ್ಪರ್ಯ: ಬರೆಯಲು ಆಗದಿದ್ದರೆ ನಿನ್ನ ಮಟ್ಟವನ್ನು ಸ್ವಲ್ಪ ಇಳಿಸಿಕೋ. ವಿಮರ್ಶೆ ಓದಿ ಬೆಳೆದ ನನ್ನಂಥವಳಿಗೆ ಇದನ್ನು ನುಂಗುವುದು ಕಷ್ಟ. ಮಟ್ಟ ಇಳಿಸಿದರೆ ಉಳಿಯುವುದೇನು?

ಆ ಪ್ರಶ್ನೆಗೆ ಉತ್ತರ ಎನ್ನಲಾರೆ, ಆದರೆ ನನ್ನ ಕಾಗದ ಮಡಿಸುವ ವಿಧಾನಕ್ಕೆ ಪೆಟ್ಟು ಕೊಟ್ಟದ್ದು ಸಾಗರದ ಕಡೆಯ ಒಬ್ಬ ಅಕ್ಕ. ಐವತ್ತರ ಆಸುಪಾಸು. ಕಾಲೇಜಿನಲ್ಲಿದ್ದಾಗ ಬರೆದಿದ್ದರಂತೆ, ಆಮೇಲೆ ಇಲ್ಲ. ಗುಂಪಿನಲ್ಲಿ ಮೂವತ್ತಕ್ಕೆ ಮೂವತ್ತೂ ಬರೆದ ಮೂವರಲ್ಲಿ ಒಬ್ಬರು. ಅವರ ಮೂವತ್ತನ್ನೂ ನಾನು ಬೇಡದ ಕಟ್ಟಿಗೆ ಹಾಕಿದ್ದೆ. ಪಟ್ಟಿ ಕಳಿಸಿದ ಮರುದಿನ ಅವರೇ ಫೋನ್ ಮಾಡಿದರು. ಬೇಸರದ ದನಿಯೇನೂ ಇರಲಿಲ್ಲ.

“ನನ್ನದು ಯಾವುದೂ ಇಲ್ಲ ಅಲ್ದಾ? ಇರಲಿ ಬಿಡಿ, ನಂಗೂ ಗೊತ್ತಿತ್ತು” ಎಂದರು.

ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅಕ್ಕ, ಪ್ರಾಂಪ್ಟ್ ಇಲ್ಲದೆ ಕವಿತೆ ನಿಲ್ಲಬೇಕು, ಹಾಗೆ ಹೀಗೆ ಎಂದು.

“ನೀವು ಹೇಳಿದ್ದು ಸರಿ ಇರಬಹುದು. ಆದರೆ ನೋಡಿ, ಬೆಳಿಗ್ಗೆ ಆರಕ್ಕೆ ಯಾರೋ ಒಬ್ಬರು ಇವತ್ತು ಇದರ ಮೇಲೆ ಬರೀರಿ ಅಂತ ನಂಗೆ ಹೇಳ್ತಿದ್ರು. ಆ ಹೊತ್ತಿಗೆ ನಂಗೆ ಈ ಮನೇಲಿ ಎಲ್ಲರೂ ಹೇಳೋದು ಬೇರೆ ಕೆಲಸ. ಮೂವತ್ತು ದಿನ ದೋಸೆ ಹೊಯ್ಯುತ್ತ ನಾನು ಅದನ್ನೇ ಯೋಚನೆ ಮಾಡ್ತಿದ್ದೆ.”

ಇದನ್ನು ಕೇಳಿ ಕರಗಿ ಅವರ ಕವಿತೆ ಸೇರಿಸಿದೆ ಎಂದುಕೊಳ್ಳಬೇಡಿ. ಅದು ಅವರಿಗೂ ಅವಮಾನ. ಆದರೆ ಫೋನ್ ಇಟ್ಟ ಮೇಲೆ ಆ ಕಟ್ಟನ್ನು ಇನ್ನೊಮ್ಮೆ ಓದಿದೆ, ಈ ಸಲ ಹಾಳೆಯ ಮಡಿಕೆ ಬಿಚ್ಚಿ. ಹತ್ತೊಂಬತ್ತನೇ ದಿನದ ಕವಿತೆಯಲ್ಲಿ ನಿಂತೆ.

ಅವತ್ತಿನ ಪ್ರಾಂಪ್ಟ್: ಪಾಕವಿಧಾನದ ರೂಪದಲ್ಲಿ ಒಂದು ಕವಿತೆ. ಎಲ್ಲರೂ ಏನು ಮಾಡಿರಬಹುದೆಂದು ನೀವು ಊಹಿಸಬಲ್ಲಿರಿ. ಒಂದು ಹಿಡಿ ಪ್ರೀತಿ, ಎರಡು ಚಮಚ ತಾಳ್ಮೆ, ರುಚಿಗೆ ತಕ್ಕಷ್ಟು ಕಣ್ಣೀರು. ನಾನು ಅದಕ್ಕೆ ನೆನಪಿನ ಒಗ್ಗರಣೆ ಹಾಕಿದ್ದೆ. ಅಕ್ಕ ಮಾತ್ರ ಮಿಡಿ ಉಪ್ಪಿನಕಾಯಿ ಹಾಕುವುದನ್ನು ಬರೆದಿದ್ದರು, ನಿಜವಾದ ಮಿಡಿ ಉಪ್ಪಿನಕಾಯಿ. ಹದಿನಾಲ್ಕು ಸಾಲು. ಪ್ರೀತಿ ಇಲ್ಲ, ತಾಳ್ಮೆ ಇಲ್ಲ, ಅಳತೆಯೂ ಇಲ್ಲ. ಇಡೀ ಕವಿತೆಯಲ್ಲಿ ಏನು ಮಾಡಬೇಕು ಎಂದು ಒಂದು ಕಡೆಯೂ ಹೇಳಿಲ್ಲ, ಏನು ಮಾಡಬಾರದು ಎಂಬುದಷ್ಟೇ ಇದೆ. ಮಿಡಿಯನ್ನು ನೆಲಕ್ಕೆ ಬೀಳಿಸಬಾರದು. ತೊಟ್ಟು ಮುರಿಯಬಾರದು. ಒದ್ದೆ ಕೈ ತಾಗಬಾರದು. ಉಪ್ಪುನೀರು ಆರುವ ಮೊದಲು ಹೊಯ್ಯಬಾರದು. ಪ್ರತಿ ಸಾಲೂ ‘ಬಾರದು’ ಎಂದು ಮುಗಿಯುತ್ತದೆ. ಉಪ್ಪಿನಕಾಯಿ ಹಾಕಿದ ಮನೆಯವರಿಗೆ ಇದೆಲ್ಲ ಗೊತ್ತಿರುವ ಮಾತು, ಅದಕ್ಕೇ ನಾನು ಮೊದಲ ಓದಿನಲ್ಲಿ ಇದು ಕವಿತೆಯೇ ಅಲ್ಲ, ಪಟ್ಟಿ ಎಂದು ಬದಿಗೆ ಸರಿಸಿದ್ದೆ. ಹನ್ನೊಂದನೇ ಸಾಲಿನಿಂದ ‘ಬಾರದು’ಗಳು ಮಿಡಿಯನ್ನು ಬಿಟ್ಟು ಮೆಲ್ಲಗೆ ಹಾಕುವವಳ ಕಡೆಗೆ ತಿರುಗುತ್ತವೆ. ತಿಂಗಳ ಮೂರು ದಿನ ಆ ಕೋಣೆಯ ಹೊಸಿಲು ದಾಟಬಾರದು. ನೆರಳೂ ಬೀಳಬಾರದು. ಕೊನೆಯ ಸಾಲಿನಲ್ಲಿ ಕರ್ತೃಪದವೂ ಇಲ್ಲ, ಕರ್ಮಪದವೂ ಇಲ್ಲ, ‘ಮುಟ್ಟಬಾರದು’ ಎಂಬ ಒಂದೇ ಪದ. ಏನನ್ನು ಯಾರು ಎಂದು ಹೇಳಿಲ್ಲ.

ನಾನು ಹೊಗಳುತ್ತಿದ್ದ ತೊಡಕನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಕನ್ನಡದ ವಾಕ್ಯದ ಕೊನೆಯಲ್ಲಿ ಅದು ಮೊದಲೇ ಇತ್ತು, ಅವರ ಅಡುಗೆಮನೆಯಲ್ಲೂ ಇತ್ತು. ಹದಿನಾಲ್ಕು ಸಲ ಅದೇ ಕ್ರಿಯಾಪದಕ್ಕೆ ಬಂದು ಬೀಳುವುದೆಂದರೆ ರದೀಫ್ ಹಿಡಿದಂತೆಯೇ. ಮಿಕ್ಕವರು ಪಾಕವಿಧಾನವನ್ನು ರೂಪಕ ಮಾಡಿ ಬಿಟ್ಟುಹೋದರು. ಅಕ್ಕ ಅದನ್ನು ಪಾಕವಿಧಾನವೆಂದೇ ನಂಬಿದರು. ಇದು ಮಿಡಿ ಉಪ್ಪಿನಕಾಯಿಯ ವಿಷಯ ಎಂಬ ಧೈರ್ಯದಲ್ಲಿ ಓದುಗ ಹತ್ತು ಸಾಲು ನಿಶ್ಚಿಂತೆಯಿಂದ ಬರುತ್ತಾನೆ.

ಇಷ್ಟಾದ ಮೇಲೂ ಒಂದು ತಕರಾರು ಉಳಿಯಿತು. ಪ್ರಾಂಪ್ಟನ್ನು ಮರೆಮಾಡಿ ಓದಿದಾಗ ಈ ಕವಿತೆ ನನಗೆ ದಕ್ಕಿರಲಿಲ್ಲ. ಅದು ಕಂಡದ್ದು ‘ಪಾಕವಿಧಾನದ ರೂಪದಲ್ಲಿ’ ಎಂಬ ಮಾತು ಮೇಲಿದ್ದಾಗ, ಉಳಿದ ಹತ್ತು ಒಗ್ಗರಣೆಗಳ ಪಕ್ಕದಲ್ಲಿ. ಸಮಸ್ಯಾಪೂರಣದ ಪದ್ಯವನ್ನೂ ಸಮಸ್ಯೆಯನ್ನು ಬಿಟ್ಟು ಯಾರೂ ಹೇಳುವುದಿಲ್ಲ. ಕಾಳಿದಾಸನ ಕೊಡದ ಪದ್ಯದ ಸುಖದಲ್ಲಿ ಅರ್ಧ, ರಾಜ ಎಂಥ ಸಾಲು ಕೊಟ್ಟಿದ್ದ ಎಂದು ಗೊತ್ತಿರುವುದರಲ್ಲಿದೆ. ಹಾಗಿದ್ದರೆ ಕವಿತೆ ಪ್ರಾಂಪ್ಟ್ ಇಲ್ಲದೆ ನಿಲ್ಲಬೇಕು ಎಂಬ ನನ್ನ ಅಳತೆಗೋಲು ಎಲ್ಲಿಂದ ಬಂತು? ಪುಸ್ತಕದಲ್ಲಿ ಒಂಟಿಯಾಗಿ ಅಚ್ಚಾಗುವ, ಮೌನವಾಗಿ ಓದಿಸಿಕೊಳ್ಳುವ ನವ್ಯದ ಕವಿತೆಯನ್ನು ಓದಿ ಬಂದದ್ದು ಅದು. ಅದನ್ನು ಬಿಡಲು ನಾನು ಇನ್ನೂ ತಯಾರಿಲ್ಲ. ಕಿಟಕಿಯ ಕವಿತೆಗಳನ್ನು ಯಾವ ಪ್ರಾಂಪ್ಟ್ ಜೊತೆಗಿಟ್ಟರೂ ಅವು ಸುಧಾರಿಸುವುದಿಲ್ಲ. ಆದರೆ ಸಭೆಯಲ್ಲಿ ಹುಟ್ಟಿದ್ದನ್ನು ಸಭೆಯಿಂದ ಕಿತ್ತು ಪರೀಕ್ಷಿಸಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ.

ಅಕ್ಕನ ಕವಿತೆಯ ಮೇಲೆ ಮಾತ್ರ ಪ್ರಾಂಪ್ಟನ್ನು ಅಚ್ಚು ಹಾಕೋಣ ಎಂದು ಗೆಳೆಯನಿಗೆ ಹೇಳಿದೆ. ಹಾಕಿದರೆ ಎಲ್ಲಕ್ಕೂ ಹಾಕಬೇಕು, ಇಲ್ಲದಿದ್ದರೆ ಯಾವುದಕ್ಕೂ ಬೇಡ ಎಂದು ಅವನು ಹಟ ಹಿಡಿದ. ಒಂದು ವಾರ ಜಗಳವಾಡಿದೆವು. ಕೊನೆಗೆ ಎಲ್ಲಕ್ಕೂ ಹಾಕಿದ್ದೇವೆ, ಸಣ್ಣ ಅಕ್ಷರದಲ್ಲಿ, ಕವಿತೆಯ ಮೇಲಲ್ಲ, ಕೆಳಗೆ.

ಕರಡು ಕಳಿಸಿದ ಸಂಜೆ ಅಕ್ಕನ ಫೋನ್ ಬಂತು. ಕವಿತೆ ಬಂದದ್ದಕ್ಕೆ ಖುಷಿಯ ಮಾತು ಒಂದು ನಿಮಿಷದಲ್ಲಿ ಮುಗಿಯಿತು.

“ಒಂಬತ್ತನೇ ಸಾಲಲ್ಲಿ ಭರಣಿ ಅಂತ ಮಾಡಿದ್ದೀರಿ. ನಾನು ಬರೆದದ್ದು ಜಾಡಿ. ನಮ್ಮ ಮನೇಲಿರೋದು ಜಾಡಿನೇ” ಎಂದರು.

ತೆಗೆದು ನೋಡಿದೆ. ಟೈಪ್ ಮಾಡುವಾಗ ನಾನೇ ಬದಲಿಸಿದ್ದೆ. ಭರಣಿ ಕವಿತೆಗೆ ಹೆಚ್ಚು ಒಪ್ಪುತ್ತದೆ ಎಂದು ಅನ್ನಿಸಿರಬೇಕು. ಜಾಡಿ ಎಂದು ತಿದ್ದಿ ಕಳಿಸಿದೆ.